ಔಟ್‌ಬೋರ್ಡ್ ಎಂಜಿನ್‌ನ ಕಂಟ್ರೋಲ್ ಯುನಿಟ್: ದುರಸ್ತಿಯೋ, ಬದಲಾವಣೆಯೋ?

ಪ್ರಶ್ನೆ: ನನ್ನ ದೋಣಿಯಲ್ಲಿ ಎರಡು ಸಿಲಿಂಡರಿನ ಹಳೆಯ ಟೂ ಸ್ಟ್ರೋಕ್ ಔಟ್‌ಬೋರ್ಡ್ ಎಂಜಿನ್ ಇದೆ. ತಣ್ಣಗಿರುವಾಗ ತಕ್ಷಣ ಸ್ಟಾರ್ಟ್ ಆಗುತ್ತದೆ. ಸ್ವಲ್ಪ ಹೊತ್ತು ಓಡಿ ಬಿಸಿಯಾದ ಮೇಲೆ ಮೊದಲು ಒಂದು ಸಿಲಿಂಡರ್ ಕೆಲಸ ನಿಲ್ಲಿಸುತ್ತದೆ, ಬಳಿಕ ಎಂಜಿನ್ ಪೂರ್ತಿ ನಿಂತುಹೋಗುತ್ತದೆ. ತಣ್ಣಗಾದರೆ ಮತ್ತೆ ಓಡುತ್ತದೆ. ಸಿಡಿಐ ಯುನಿಟ್ (ಕಿಡಿಯನ್ನು ನಿಯಂತ್ರಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ಹೋಗಿದೆ, ಹೊಸದನ್ನೇ ಹಾಕಿಸಬೇಕು ಎಂದು ಮೆಕ್ಯಾನಿಕ್ ಹೇಳುತ್ತಾರೆ. ಯುನಿಟ್ ದುಬಾರಿಯಾದ್ದರಿಂದ ಅದನ್ನೇ ಬಿಚ್ಚಿ ದುರಸ್ತಿ ಮಾಡಿಸಬಹುದೇ?

ಉತ್ತರ: ನಿಮ್ಮ ಮೆಕ್ಯಾನಿಕ್ ಹೇಳಿದ್ದು ನಿಜವೇ ಆಗಿರಬಹುದು. ಆದರೆ ಬಿಸಿಯಾದಾಗ ಕಿಡಿ ಹೋಗುತ್ತದೆ ಎಂಬ ಒಂದೇ ಲಕ್ಷಣವನ್ನು ನಂಬಿ ಸಿಡಿಐ ಕೆಟ್ಟಿದೆ ಎಂದು ತೀರ್ಮಾನಿಸಬಾರದು, ಏಕೆಂದರೆ ಬೇರೆ ಭಾಗಗಳು ಕೆಟ್ಟಾಗಲೂ ಇದೇ ಲಕ್ಷಣ ಕಾಣಿಸುತ್ತದೆ. ಫ್ಲೈವೀಲ್‌ನ ಅಯಸ್ಕಾಂತಗಳು ತಿರುಗಿದಾಗ ಅದರ ಕೆಳಗೆ ತಿರುಗದೆ ನಿಂತಿರುವ ಸ್ಟೇಟರ್‌ ಎಂಬ ಭಾಗದ ಚಾರ್ಜ್ ಕಾಯಿಲ್‌ನಲ್ಲಿ ವಿದ್ಯುತ್ ಹುಟ್ಟುತ್ತದೆ. ಸಿಡಿಐ ಅದನ್ನು ತನ್ನೊಳಗಿನ ಕೆಪಾಸಿಟರ್‌ನಲ್ಲಿ ಸಾಮಾನ್ಯವಾಗಿ 200ರಿಂದ 300 ವೋಲ್ಟ್‌ನಷ್ಟು ಒತ್ತಡದಲ್ಲಿ ಕೂಡಿಡುತ್ತದೆ. ಟ್ರಿಗರ್ ಕಾಯಿಲ್‌ನಿಂದ ಸಂಕೇತ ಬಂದ ಕೂಡಲೇ ಅದನ್ನೆಲ್ಲ ಒಮ್ಮೆಗೇ ಇಗ್ನಿಷನ್ ಕಾಯಿಲ್‌ಗೆ ಬಿಡುತ್ತದೆ. ಅಲ್ಲಿ ಒತ್ತಡ ಸಾವಿರಾರು ವೋಲ್ಟ್‌ಗೆ ಏರಿ ಪ್ಲಗ್‌ನಲ್ಲಿ ಕಿಡಿ ಹಾರುತ್ತದೆ. ಈ ಮೂರು ಕಾಯಿಲ್‌ಗಳಲ್ಲಿ ಯಾವುದರ ಸುತ್ತು ಒಳಗೇ ಸೀಳಿದ್ದರೂ ತಣ್ಣಗಿರುವಾಗ ತಂತಿಯ ತುದಿಗಳು ಕೂಡಿಕೊಂಡಿದ್ದು, ಬಿಸಿಗೆ ಹಿಗ್ಗಿ ದೂರವಾಗುತ್ತವೆ.

ಆದ್ದರಿಂದ ಖರ್ಚಿಲ್ಲದ ಪರೀಕ್ಷೆಗಳನ್ನು ಮೊದಲು ಮಾಡಿಸಿ. ಎರಡು ಸಿಲಿಂಡರ್‌ಗಳ ಇಗ್ನಿಷನ್ ಕಾಯಿಲ್‌ಗಳು ಬೇರೆಬೇರೆಯಾಗಿದ್ದರೆ ಅವನ್ನು ಅದಲುಬದಲು ಮಾಡಿ ನೋಡಿ. ಮೊದಲು ನಿಲ್ಲುತ್ತಿದ್ದ ಸಿಲಿಂಡರ್ ಈಗ ಸರಿಯಾಗಿ ಓಡಿ ಇನ್ನೊಂದು ನಿಂತರೆ ದೋಷ ಕಾಯಿಲ್‌ನಲ್ಲೇ ಇದೆ. ಎರಡರಲ್ಲೂ ಕಿಡಿ ಒಟ್ಟಿಗೇ ಹೋಗುತ್ತಿದ್ದರೆ ಎರಡಕ್ಕೂ ಸಾಮಾನ್ಯವಾದ ಚಾರ್ಜ್ ಕಾಯಿಲ್ ಅಥವಾ ಸ್ಟಾಪ್ ಸ್ವಿಚ್ಚಿನ ತಂತಿಯನ್ನು ಸಂಶಯಿಸಬೇಕು. ಈ ಬಗೆಯ ಬಹಳಷ್ಟು ಎಂಜಿನ್‌ಗಳು ನಿಲ್ಲುವುದು ಆ ತಂತಿ ಅರ್ತ್‌ಗೆ, ಅಂದರೆ ಎಂಜಿನ್‌ನ ಲೋಹದ ಮೈಗೆ, ತಾಗಿದಾಗ. ಸ್ವಿಚ್ಚಿನೊಳಗೆ ಉಪ್ಪುನೀರು ಸೇರಿದ್ದರೆ, ತಂತಿಯ ಹೊದಿಕೆ ಎಲ್ಲೋ ಉಜ್ಜಿ ಹರಿದಿದ್ದರೆ, ಯಾರೂ ಗುಂಡಿ ಒತ್ತದೆಯೇ ಎಂಜಿನ್ ನಿಲ್ಲುತ್ತದೆ. ದೂರು ಮಾತ್ರ ಸಿಡಿಐ ಮೇಲೆ ಬರುತ್ತದೆ. ಆ ತಂತಿಯನ್ನು ಯುನಿಟ್‌ನ ಬಳಿಯೇ ಕಳಚಿದಾಗ ಕಿಡಿ ಮರಳಿದರೆ ಯುನಿಟ್ ಚೆನ್ನಾಗಿದೆ ಎಂದರ್ಥ. ಆದರೆ ತಂತಿ ಕಳಚಿರುವಷ್ಟು ಹೊತ್ತು ಎಂಜಿನ್ ಸ್ವಿಚ್ಚಿನಿಂದ ನಿಲ್ಲುವುದಿಲ್ಲ ಎಂಬುದು ನೆನಪಿರಲಿ. ಚೋಕ್ ಎಳೆದೋ ಇಂಧನ ತಡೆದೋ ನಿಲ್ಲಿಸಬೇಕಾಗುತ್ತದೆ.

ಕನೆಕ್ಟರ್‌ಗಳನ್ನು ಒಂದೊಂದಾಗಿ ಬಿಡಿಸಿ ಒಳ್ಳೆಯ ಬೆಳಕಿನಲ್ಲಿ ನೋಡುವುದನ್ನು ಅನೇಕರು ಮಾಡುವುದೇ ಇಲ್ಲ. ಹೊರಗಿನಿಂದ ಅಚ್ಚುಕಟ್ಟಾಗಿ ಕಾಣುವ ಕನೆಕ್ಟರ್‌ನ ಒಳಗೆ ಒಂದು ಪಿನ್ ಮೇಲೆ ಮಾತ್ರ ಹಸಿರು ಕಿಲುಬು ಪುಡಿಯಾಗಿ ಕೂತಿರುತ್ತದೆ, ಅಥವಾ ಒಂದು ಪಿನ್ ಹಿಂದಕ್ಕೆ ಸರಿದು ಎದುರಿನದನ್ನು ಅರೆಬರೆಯಾಗಿ ಮುಟ್ಟುತ್ತಿರುತ್ತದೆ. ಯುನಿಟ್‌ನಿಂದ ಎಂಜಿನ್ ಬ್ಲಾಕ್‌ಗೆ ಹೋಗುವ ಅರ್ತ್ ತಂತಿಯ ಬುಡವನ್ನೂ ಬಿಚ್ಚಿ, ಹೊಳೆಯುವ ಲೋಹ ಕಾಣುವವರೆಗೆ ಉಜ್ಜಿ, ಮತ್ತೆ ಬಿಗಿಮಾಡಬೇಕು.

ಇಷ್ಟಾದ ಮೇಲೂ ದೋಷ ಉಳಿದರೆ ಅಳತೆಗೆ ಇಳಿಯಬೇಕು. ಸಿಡಿಐ ಹೊರಡಿಸುವ ವಿದ್ಯುತ್ತು ಅತ್ಯಲ್ಪ ಕಾಲದ ಮಿಡಿತವಾದ್ದರಿಂದ ಸಾಧಾರಣ ಮಲ್ಟಿಮೀಟರ್ ಅದನ್ನು ಸರಿಯಾಗಿ ತೋರಿಸುವುದಿಲ್ಲ. ಮಿಡಿತದ ಗರಿಷ್ಠ ವೋಲ್ಟೇಜನ್ನು ಹಿಡಿದು ತೋರಿಸುವ ಪೀಕ್ ವೋಲ್ಟೇಜ್ ಅಡಾಪ್ಟರ್ ಅನ್ನು ಮೀಟರ್‌ಗೆ ಜೋಡಿಸಿ, ಎಂಜಿನ್ ಬಿಸಿಯಾಗಿ ನಿಂತ ಆ ಸ್ಥಿತಿಯಲ್ಲಿಯೇ ಅಳೆದು, ಸರ್ವಿಸ್ ಮ್ಯಾನ್ಯುಯಲ್‌ನ ಅಂಕಿಗಳೊಂದಿಗೆ ಹೋಲಿಸಬೇಕು. ಚಾರ್ಜ್ ಕಾಯಿಲ್ ಮತ್ತು ಟ್ರಿಗರ್‌ನಿಂದ ಬರಬೇಕಾದದ್ದು ಸರಿಯಾಗಿ ಬರುತ್ತಿದೆ, ಸ್ಟಾಪ್ ತಂತಿ ಕಳಚಿದೆ, ಅರ್ತ್ ಚೆನ್ನಾಗಿದೆ, ಆದರೂ ಇಗ್ನಿಷನ್ ಕಾಯಿಲ್‌ಗೆ ಏನೂ ಹೋಗುತ್ತಿಲ್ಲ ಎಂದಾದರೆ ಮಾತ್ರ ಸಿಡಿಐ ಕೆಟ್ಟಿದೆ ಎನ್ನಬಹುದು. ಮೆಕ್ಯಾನಿಕ್ ಬಳಿ ಈ ಅಳತೆಗಳನ್ನು ಕೇಳುವುದು ನಿಮ್ಮ ಹಕ್ಕು. ಪರೀಕ್ಷೆಯ ವೇಳೆ ಪ್ರೊಪೆಲ್ಲರ್ ಕಳಚಿಡಿ, ಪ್ಲಗ್ ತಂತಿಗಳನ್ನು ಗಾಳಿಯಲ್ಲಿ ತೂಗಾಡಲು ಬಿಡದೆ ಸ್ಪಾರ್ಕ್ ಟೆಸ್ಟರ್‌ಗೆ ಜೋಡಿಸಿ, ಪೆಟ್ರೋಲ್ ಆವಿ ಇರುವಲ್ಲಿ ಕಿಡಿ ನೋಡಲು ಹೋಗಬೇಡಿ.

ಇನ್ನು ದುರಸ್ತಿಯ ಮಾತು. ಸಿಡಿಐ ಯುನಿಟ್‌ಗಳಲ್ಲಿ ಹೆಚ್ಚಿನವು ಎಪಾಕ್ಸಿ ರಾಳ ತುಂಬಿ ಗಟ್ಟಿಮಾಡಿದವು. ತೇವ ಮತ್ತು ಅದುರಾಟದಿಂದ ರಕ್ಷಿಸುವ ಆ ರಾಳವೇ ದುರಸ್ತಿಗೆ ಅಡ್ಡಿ: ಕೆರೆದು ತೆಗೆಯುವಾಗ ಚೆನ್ನಾಗಿದ್ದ ಬಿಡಿಭಾಗಗಳೂ ಕಿತ್ತುಬರುತ್ತವೆ. ಹಾಗಾಗಿ ದೋಷ ಖಚಿತವಾದರೆ ಬದಲಾಯಿಸುವುದೇ ಸರಿ.

ಪ್ರಶ್ನೆ: ನನ್ನದು ಫ್ಯುಯೆಲ್ ಇಂಜೆಕ್ಷನ್ ಇರುವ ಫೋರ್ ಸ್ಟ್ರೋಕ್ ಎಂಜಿನ್. ಇಸಿಯು (ಎಂಜಿನ್ನನ್ನು ನಿಯಂತ್ರಿಸುವ ಪುಟ್ಟ ಕಂಪ್ಯೂಟರ್) ಕೆಟ್ಟಿದೆ ಎಂದಿದ್ದಾರೆ. ಅದೇ ಕಂಪನಿಯ, ಹೆಚ್ಚು ಅಶ್ವಶಕ್ತಿಯ ಎಂಜಿನ್‌ನಿಂದ ತೆಗೆದ ಇಸಿಯು ಸಿಗುತ್ತಿದೆ. ಅದರ ಕನೆಕ್ಟರ್ ಕೂಡ ಹೊಂದುತ್ತದೆ. ಹಾಕಿಸಬಹುದೇ?

ಉತ್ತರ: ದಯವಿಟ್ಟು ಹಾಕಿಸಬೇಡಿ. ಇಂಧನ ಎಷ್ಟು, ಕಿಡಿ ಯಾವಾಗ, ಗರಿಷ್ಠ ವೇಗ ಎಷ್ಟು ಎಂಬ ಲೆಕ್ಕವೆಲ್ಲ ಇಸಿಯು ಒಳಗಿರುತ್ತದೆ, ಆ ಲೆಕ್ಕ ಬೇರೆ ಎಂಜಿನ್‌ನದಾದರೆ ಪಿಸ್ಟನ್‌ಗೇ ಅಪಾಯ. ಪಾರ್ಟ್ ನಂಬರ್ ಪೂರ್ತಿ ಹೊಂದಬೇಕು, ಅಥವಾ ತಯಾರಕರೇ ಸೂಚಿಸಿದ ಬದಲಿ ನಂಬರ್ ಆಗಿರಬೇಕು. ಕೆಲವು ಇಸಿಯುಗಳನ್ನು ಕಂಪನಿಯ ಡಯಾಗ್ನಾಸ್ಟಿಕ್ ಉಪಕರಣದಿಂದ ಎಂಜಿನ್‌ಗೆ ಹೊಂದಿಸಿಕೊಳ್ಳದಿದ್ದರೆ ಅವು ಕೆಲಸ ಮಾಡುವುದಿಲ್ಲ.

ಅದಕ್ಕೂ ಮೊದಲು ಇಸಿಯು ನಿಜವಾಗಿ ಕೆಟ್ಟಿದೆಯೇ ನೋಡಿಸಿ. ಕ್ರ್ಯಾಂಕ್ ಮಾಡುವಾಗ, ಅಂದರೆ ಸ್ಟಾರ್ಟರ್‌ನಿಂದ ಎಂಜಿನ್ ತಿರುಗಿಸುವಾಗ, ಬ್ಯಾಟರಿ ತೀರಾ ಕುಸಿದರೆ ಇಸಿಯು ಎಚ್ಚರವಾಗುವುದೇ ಇಲ್ಲ. 12 ವೋಲ್ಟ್ ಬ್ಯಾಟರಿ ಆ ಹೊತ್ತಿನಲ್ಲಿ 9.6 ವೋಲ್ಟ್‌ಗಿಂತ ಕೆಳಗಿಳಿದರೆ ಮೊದಲು ಬ್ಯಾಟರಿ ಮತ್ತು ಅದರ ತಂತಿಗಳ ಕಡೆ ಗಮನ ಹರಿಸಬೇಕು. ಎಂಜಿನ್ ವೇಗ ಏರದೆ ಒಂದೇ ಮಟ್ಟದಲ್ಲಿ ನಿಂತರೆ ಅದು ಅತಿ ಬಿಸಿ ಅಥವಾ ಆಯಿಲ್ ಒತ್ತಡದ ಕೊರತೆಯಿಂದ ಎಂಜಿನ್ನನ್ನು ಕಾಪಾಡಲು ಇಸಿಯು ತಾನೇ ಹಾಕಿದ ಮಿತಿಯಾಗಿರಬಹುದು. ಸೆನ್ಸರ್‌ಗಳಿಗೆ ಹೋಗುವ 5 ವೋಲ್ಟ್ ತಂತಿಯಲ್ಲಿ ಒಂದೇ ಸೆನ್ಸರ್ ಶಾರ್ಟ್ ಆದರೂ ಹಲವು ದೋಷಸಂಕೇತಗಳು ಒಟ್ಟಿಗೆ ಬಂದು ಇಸಿಯುವೇ ಹೋದಂತೆ ತೋರುತ್ತದೆ. ಸೆನ್ಸರ್‌ಗಳನ್ನು ಒಂದೊಂದಾಗಿ ಕಳಚುತ್ತ ಆ 5 ವೋಲ್ಟ್ ಯಾವಾಗ ಮರಳುತ್ತದೆ ಎಂದು ನೋಡಿದರೆ ತಪ್ಪಿತಸ್ಥ ಸಿಕ್ಕಿಬೀಳುತ್ತದೆ.

ಇಸಿಯು ಕೆಟ್ಟಿರುವುದು ಖಚಿತವಾದರೆ ದುರಸ್ತಿಗೆ ಅವಕಾಶ ಸಿಡಿಐಗಿಂತ ಇಲ್ಲಿ ಹೆಚ್ಚು. ಬಿರುಕು ಬಿಟ್ಟ ಬೆಸುಗೆ, ಇಂಜೆಕ್ಟರ್ ನಡೆಸುವ ಟ್ರಾನ್ಸಿಸ್ಟರ್ ಸುಟ್ಟಿರುವುದು ಮುಂತಾದವನ್ನು ಇದೇ ಕೆಲಸ ಬಲ್ಲವರು ಸರಿಪಡಿಸುತ್ತಾರೆ. ಉಪ್ಪುನೀರು ಬೋರ್ಡಿಗೆ ಇಳಿದಿದ್ದರೆ ಮಾತ್ರ ಆಸೆ ಬಿಡುವುದು ಒಳ್ಳೆಯದು. ದುರಸ್ತಿಯಾಗಲಿ, ಹೊಸದಾಗಲಿ, ಹಳೆಯದು ಏಕೆ ಹೋಯಿತೆಂದು ತಿಳಿಯದೆ ಜೋಡಿಸಬೇಡಿ. ಶಾರ್ಟ್ ಆದ ಇಂಜೆಕ್ಟರ್ ಅಥವಾ ಮಿತಿಮೀರಿ ವೋಲ್ಟ್ ಬಿಡುವ ರೆಗ್ಯುಲೇಟರ್ ಹಾಗೇ ಉಳಿದಿದ್ದರೆ ಹೊಸ ಯುನಿಟ್ ಕೂಡ ಸುಡುತ್ತದೆ.

ಪ್ರಶ್ನೆ: ಹೊಸ ಯುನಿಟ್ ಹಾಕಿಸಿದ ಮೇಲೆ ಏನು ಜಾಗ್ರತೆ ವಹಿಸಬೇಕು?

ಉತ್ತರ: ಎಂಜಿನ್ ಓಡುತ್ತಿರುವಾಗ ಬ್ಯಾಟರಿ ತಂತಿ ಕಳಚಬೇಡಿ, ಬ್ಯಾಟರಿಯ ಪ್ಲಸ್, ಮೈನಸ್ ಅದಲುಬದಲಾಗದಂತೆ ನೋಡಿಕೊಳ್ಳಿ. ದೋಣಿಯ ಮೇಲೆ ವೆಲ್ಡಿಂಗ್ ಮಾಡಿಸುವ ಮುನ್ನ ಬ್ಯಾಟರಿ ಮತ್ತು ಇಸಿಯು ಕನೆಕ್ಟರ್ ಎರಡನ್ನೂ ತೆಗೆದಿಡಿ. ಮೇಲ್ಮುಚ್ಚಳ ತೆರೆದು ಪ್ರೆಷರ್ ವಾಷರ್‌ನಿಂದ ತೊಳೆಯಬೇಡಿ. ಕನೆಕ್ಟರ್‌ನ ರಬ್ಬರ್ ಸೀಲ್‌ಗೆ ವಿದ್ಯುತ್ ಹರಿಸದ ಡೈಎಲೆಕ್ಟ್ರಿಕ್ ಗ್ರೀಸ್ ತೆಳುವಾಗಿ ಸವರಿ, ಯುನಿಟ್‌ನ ರಬ್ಬರ್ ಬುಷ್‌ಗಳು ಸವೆದಿದ್ದರೆ ಅವನ್ನೂ ಆಗಲೇ ಬದಲಾಯಿಸಿ.