ಅಂಗಾಲಿನ ಆಣಿ ಕೊಯ್ದಷ್ಟೂ ಬೆಳೆಯುವುದೇಕೆ?

ಪ್ರಶ್ನೆ: ನಾನು ಅಕ್ಕಿ ಗಿರಣಿಯಲ್ಲಿ ದಿನವಿಡೀ ನಿಂತು ಕೆಲಸ ಮಾಡುವವನು. ವಯಸ್ಸು 46. ಬಲಗಾಲಿನ ಕಿರುಬೆರಳ ಬುಡದಲ್ಲಿ, ಅಂಗಾಲಿನ ಕಡೆಗೆ, ಕಡಲೆಕಾಳಿನಷ್ಟು ಆಣಿಯಾಗಿದೆ. ಎಕ್ಕದ ಹಾಲು ಹಚ್ಚಿದ್ದೇನೆ, ಬ್ಲೇಡಿನಿಂದ ಕೊಯ್ಯಿಸಿದ್ದೇನೆ. ಕೆಲವು ವಾರ ಹಗುರವೆನಿಸಿ ಮತ್ತೆ ಅಲ್ಲಿಯೇ ಬೆಳೆಯುತ್ತದೆ. ಜಾಲಿ ಮುಳ್ಳು ಮುರಿದು ಒಳಗೆ ಉಳಿದಿರಬಹುದೆಂದು ಮನೆಯವರು ಹೇಳುತ್ತಾರೆ. ಬೇರುಸಹಿತ ತೆಗೆಸಲು ಶಸ್ತ್ರಚಿಕಿತ್ಸೆ ಇದೆಯೇ?
– ಓದುಗರು, ಸಿಂಧನೂರು

ಉತ್ತರ: ಆಣಿಗೆ ಬೇರೇ ಇರುವುದಿಲ್ಲ. ಒಂದೇ ಜಾಗಕ್ಕೆ ಒತ್ತಡವೂ ತಿಕ್ಕಾಟವೂ ಪದೇ ಪದೇ ಬಿದ್ದಾಗ ಚರ್ಮವು ತನ್ನನ್ನು ಕಾಪಾಡಿಕೊಳ್ಳಲು ಮೇಲ್ಪದರವನ್ನು ದಪ್ಪಗೊಳಿಸುತ್ತದೆ. ಅದು ಅಗಲವಾಗಿ ಹರಡಿದರೆ ಜಡ್ಡು; ಒತ್ತಡ ಒಂದೇ ಬಿಂದುವಿನಲ್ಲಿ ನಿಂತು, ಸತ್ತ ಚರ್ಮ ಗಟ್ಟಿಯಾಗಿ ಒಳಮುಖವಾಗಿ ಚೂಪಾಗಿ ಬೆಳೆದು ನರಗಳನ್ನು ಒತ್ತತೊಡಗಿದರೆ ಆಣಿ. ಕೊಯ್ದಾಗ ಹೋಗುವುದು ಆ ಗಟ್ಟಿ ಚರ್ಮ ಮಾತ್ರ. ಒತ್ತಡ ಹಾಗೆಯೇ ಉಳಿದಿರುವುದರಿಂದ ಚರ್ಮ ಅದನ್ನು ಮತ್ತೆ ಕಟ್ಟಿಕೊಳ್ಳುತ್ತದೆ.

ಮೊದಲು ಅದು ಆಣಿಯೇ ಎಂಬುದು ಖಚಿತವಾಗಬೇಕು. ನೇರವಾಗಿ ಒತ್ತಿದಾಗ ಹೆಚ್ಚು ನೋವಾದರೆ ಆಣಿಯಿರಬಹುದು. ಎರಡೂ ಬದಿಯಿಂದ ಹಿಂಡಿದಾಗ ನೋವು ಹೆಚ್ಚಾಗಿ, ನಡುವೆ ಸಣ್ಣ ಕಪ್ಪು ಚುಕ್ಕೆಗಳು ಕಂಡು, ಚರ್ಮದ ಗೆರೆಗಳು ಅಲ್ಲಿ ತುಂಡಾದಂತಿದ್ದರೆ ಅದು ವೈರಸ್ಸಿನಿಂದ ಬರುವ ನರಹುಲಿಯಾಗಿರುವ ಸಾಧ್ಯತೆ ಹೆಚ್ಚು, ಮತ್ತು ಅದರ ಚಿಕಿತ್ಸೆ ಬೇರೆ. ಮನೆಯವರ ಅನುಮಾನವನ್ನೂ ತಳ್ಳಿಹಾಕುವಂತಿಲ್ಲ. ನಮ್ಮ ಹೊಲದ ಬದುಗಳಲ್ಲೆಲ್ಲ ಬಳ್ಳಾರಿ ಜಾಲಿ ಹಬ್ಬಿದೆ, ಮುರಿದ ಮುಳ್ಳಿನ ಸುತ್ತ ಗಂಟು ಕಟ್ಟುವುದೂ ಉಂಟು. ಮುಳ್ಳು ಸಾಮಾನ್ಯವಾಗಿ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ, ಅಲ್ಟ್ರಾಸೌಂಡ್ ಸ್ಕ್ಯಾನಿನಲ್ಲಿ ಕಾಣಬಹುದು. ಆದ್ದರಿಂದ ರಾಯಚೂರಿನ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಾದ ರಿಮ್ಸ್‌ನಲ್ಲಾಗಲಿ ನಿಮ್ಮೂರಿನಲ್ಲಾಗಲಿ ಚರ್ಮರೋಗ ವೈದ್ಯರಿಗೆ ಒಮ್ಮೆ ತೋರಿಸಿರಿ.

ಆಣಿಯೇ ಆಗಿದ್ದರೆ ಅದರ ಕಾರಣವನ್ನು ನಿಮ್ಮ ಚಪ್ಪಲಿಯಲ್ಲಿ ಹುಡುಕಿರಿ. ಬಲಗಾಲಿನ ಹಳೆಯ ಚಪ್ಪಲಿಯನ್ನು ಬೆಳಕಿಗೆ ಹಿಡಿದು ನೋಡಿದರೆ ಎಲ್ಲಿ ತಗ್ಗು ಬಿದ್ದಿದೆ, ಯಾವ ಅಂಚು ಸವೆದಿದೆ ಎಂಬುದು ಕಾಣುತ್ತದೆ. ಕಿರುಬೆರಳ ಬುಡಕ್ಕೆ ಸರಿಯಾಗಿ ರಬ್ಬರು ಚಪ್ಪಟೆಯಾಗಿದ್ದರೆ, ಅಲ್ಲಿನ ಮೂಳೆಯ ತುದಿಗೂ ಸಿಮೆಂಟು ನೆಲಕ್ಕೂ ನಡುವೆ ಮೆತ್ತೆಯೆಂಬುದೇ ಉಳಿದಿಲ್ಲವೆಂದು ಅರ್ಥ. ತೆಳುವಾದ ರಬ್ಬರ್ ಚಪ್ಪಲಿಯನ್ನು ಗಿರಣಿಯ ಕೆಲಸಕ್ಕೆ ಬಳಸದೆ ದಪ್ಪ, ಮೆತ್ತನೆಯ ಅಟ್ಟೆಯುಳ್ಳ, ಹಿಂದೆ ಪಟ್ಟಿಯಿರುವ ಪಾದರಕ್ಷೆ ಕೊಳ್ಳಿರಿ. ಕೊಳ್ಳುವಾಗ ಸಂಜೆಯೇ ಹೋಗಬೇಕು, ದಿನವಿಡೀ ನಿಂತ ಪಾದ ಆ ಹೊತ್ತಿಗೆ ತುಸು ಊದಿರುತ್ತದೆ. ಕಾಗದದ ಮೇಲೆ ನಿಂತು ಪಾದದ ಅಚ್ಚನ್ನು ಗೀಚಿಸಿ ಕತ್ತರಿಸಿಕೊಂಡು ಹೋಗಿ ಪಾದರಕ್ಷೆಯೊಳಗೆ ಇಟ್ಟು ನೋಡಿ. ಕಾಗದದ ಅಂಚು ಮಡಚಿಕೊಂಡರೆ ಆ ಪಾದರಕ್ಷೆ ನಿಮಗೆ ಇಕ್ಕಟ್ಟು. ಇಷ್ಟಕ್ಕೆ ಖರ್ಚು ಮಾಡುವುದು ಎಷ್ಟೋ ಸಲ ಕೊಯ್ಯಿಸುವುದಕ್ಕಿಂತ ಲೇಸು.

ಇದರ ಜೊತೆಗೆ ರಾತ್ರಿ 10 ನಿಮಿಷ ಉಗುರುಬೆಚ್ಚಗಿನ ನೀರಿನಲ್ಲಿ ಪಾದವಿಟ್ಟು, ಮೆದುವಾದ ಚರ್ಮವನ್ನು ಕಾಲುಜ್ಜುವ ಕಲ್ಲಿನಿಂದ ಒಂದೊಂದೇ ಪದರ ಹೋಗುವಂತೆ ಮೆಲ್ಲಗೆ ತಿಕ್ಕಿ, ಒರೆಸಿ, ಶೇ 10ರಿಂದ 20ರಷ್ಟು ಯೂರಿಯಾ ಇರುವ ಮುಲಾಮು ಹಚ್ಚಿರಿ. ಒಂದೇ ದಿನ ಎಲ್ಲವನ್ನೂ ತೆಗೆಯುವ ಆತುರ ಬೇಡ. ಔಷಧಿ ಅಂಗಡಿಯ ಕಾರ್ನ್ ಕ್ಯಾಪ್‌ನಲ್ಲಿರುವ ಸ್ಯಾಲಿಸಿಲಿಕ್ ಆಮ್ಲ ಆಣಿಯನ್ನು ಕರಗಿಸುವಂತೆಯೇ ಸುತ್ತಲಿನ ಒಳ್ಳೆಯ ಚರ್ಮವನ್ನೂ ಸುಡುವುದರಿಂದ, ಸುತ್ತ ವ್ಯಾಸಲೀನ್ ಸವರಿ ಆಣಿಯ ಮೇಲಷ್ಟೇ ಅಂಟಿಸಬೇಕು. ಎಕ್ಕದ ಹಾಲನ್ನು ದಯವಿಟ್ಟು ನಿಲ್ಲಿಸಿರಿ. ಅದರಿಂದ ಬೊಬ್ಬೆಯೆದ್ದು ಹುಣ್ಣಾಗಬಹುದು. ಬ್ಲೇಡೂ ಬೇಡ.

ಪ್ರಶ್ನೆ: ನಮ್ಮ ತಂದೆಯವರಿಗೆ ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆಯಿದೆ. ಹೆಬ್ಬೆರಳ ಬುಡದಲ್ಲಿ ಜಡ್ಡುಗಟ್ಟಿದೆ, ಆದರೆ ನೋವಿಲ್ಲ. ಯುಗಾದಿಗೆ ಮುನ್ನ ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುವ ಮನಸ್ಸಿದೆ. ಅಷ್ಟರಲ್ಲಿ ಕಾರ್ನ್ ಕ್ಯಾಪ್ ಹಚ್ಚಿ ತೆಗೆಯಬಹುದೇ?
– ಓದುಗರು, ಕೊಪ್ಪಳ

ಉತ್ತರ: ಹಚ್ಚಬಾರದು. ನೋವಿಲ್ಲದಿರುವುದೇ ಇಲ್ಲಿ ಆತಂಕದ ವಿಷಯ. ಸಕ್ಕರೆ ಕಾಯಿಲೆಯಲ್ಲಿ ಪಾದದ ನರಗಳು ಸ್ಪರ್ಶ ಕಳೆದುಕೊಂಡಿರುವಾಗ ಆಮ್ಲ ಸುಟ್ಟರೂ ತಿಳಿಯುವುದಿಲ್ಲ, ಜಡ್ಡಿನ ಕೆಳಗೆ ಹುಣ್ಣಾದರೂ ತಿಳಿಯುವುದಿಲ್ಲ; ರಕ್ತಸಂಚಾರ ಕಡಿಮೆಯಿದ್ದರೆ ಆದ ಹುಣ್ಣು ಬೇಗ ಮಾಯುವುದೂ ಇಲ್ಲ. ವೈದ್ಯರು 10 ಗ್ರಾಂ ಒತ್ತಡದ ನೈಲಾನ್ ಎಳೆಯನ್ನು ಅಂಗಾಲಿಗೆ ತಾಗಿಸಿ ಸ್ಪರ್ಶವನ್ನೂ, ಪಾದದ ನಾಡಿಯನ್ನೂ ಪರೀಕ್ಷಿಸಿ, ಜಡ್ಡನ್ನು ತಾವೇ ತೆಳುಗೊಳಿಸುತ್ತಾರೆ. ಎಂಸಿಆರ್ ಎಂಬ, ಸೂಕ್ಷ್ಮ ರಂಧ್ರಗಳುಳ್ಳ ರಬ್ಬರಿನ ಮೆತ್ತನೆಯ ಚಪ್ಪಲಿಯ ಬಗ್ಗೆಯೂ ಅವರನ್ನೇ ಕೇಳಿರಿ.

ಪಾದಯಾತ್ರೆಯ ಬಗ್ಗೆ ಹೇಳುವುದು ಕಷ್ಟ, ಏಕೆಂದರೆ ಅದು ಅವರ ಹರಕೆಯ ಮಾತು. ಆದರೂ ಸ್ಪರ್ಶ ಕಡಿಮೆಯಾಗಿದೆಯೆಂದು ವೈದ್ಯರು ಹೇಳಿದರೆ, ಬಿಸಿಲಿಗೆ ಕಾದ ಡಾಂಬರಿನ ಮೇಲೆ ದಿನಗಟ್ಟಲೆ ನಡೆಯುವುದನ್ನು, ಅದರಲ್ಲಿಯೂ ಬರಿಗಾಲಿನಲ್ಲಿ, ನಾನು ಒಪ್ಪಲಾರೆ. ಮಲ್ಲಯ್ಯನ ದರ್ಶನಕ್ಕೆ ಅವರನ್ನು ಬಸ್ಸಿನಲ್ಲಿ ಕರೆದುಕೊಂಡು ಹೋಗಿರಿ. ಅಲ್ಲಿಯವರೆಗೆ ಪ್ರತಿ ರಾತ್ರಿ ಅವರ ಅಂಗಾಲನ್ನು ನೀವೇ ನೋಡಿರಿ. ಜಡ್ಡಿನ ಒಳಗೆ ಕಪ್ಪು ಅಥವಾ ನೇರಳೆ ಬಣ್ಣ, ಒಸರುವ ನೀರು, ಕೆಂಪು, ಊತ, ದುರ್ವಾಸನೆ ಇವುಗಳಲ್ಲಿ ಯಾವುದು ಕಂಡರೂ ಅದೇ ದಿನ ಆಸ್ಪತ್ರೆಗೆ ಹೋಗಬೇಕು.