ವಾರ್ಡಿನಲ್ಲಿ ಹೇಳಿದ್ದು ಮನೆಯಲ್ಲೇಕೆ ನಡೆಯುವುದಿಲ್ಲ? ಡಯಾಲಿಸಿಸ್ ಕುರಿತು ಓದುಗರ ಪ್ರಶ್ನೆಗಳು

ಪ್ರಶ್ನೆ: ಗದಗಿನ ಒಂದು ಡಯಾಲಿಸಿಸ್ ಘಟಕದಲ್ಲಿ ಸ್ಟಾಫ್ ನರ್ಸ್ ಆಗಿದ್ದೇನೆ. ರೋಗಿಗಳು ಎರಡು ಡಯಾಲಿಸಿಸ್‌ಗಳ ನಡುವೆ ಮೂರು, ನಾಲ್ಕು ಕೆ.ಜಿ. ಏರಿಸಿಕೊಂಡು ಬರುತ್ತಾರೆ. ‘ನೀರು ಕಡಿಮೆ ಕುಡೀರಿ’ ಎಂದು ಪ್ರತಿ ಸಲ ಹೇಳುತ್ತೇವೆ. ‘ಹೂಂ’ ಅಂತಾರೆ, ಮತ್ತೆ ಅದೇ. ಹೇಗೆ ತಿಳಿಸಬೇಕು?

ಉತ್ತರ: ನೀರಿನ ಮಾತು ಆಮೇಲಿರಲಿ, ಮೊದಲು ಉಪ್ಪು ಹಿಡಿಯಿರಿ. ಸುಮಾರು 8 ಗ್ರಾಂ ಉಪ್ಪು ಮೈಯಲ್ಲಿ ಒಂದು ಲೀಟರ್ ನೀರನ್ನು ಹಿಡಿದಿಡುತ್ತದೆ. ಮೂತ್ರ ನಿಂತವರಿಗೆ ಅದು ಹೊರಹೋಗಲು ಡಯಾಲಿಸಿಸ್ ಬಿಟ್ಟರೆ ಬೇರೆ ದಾರಿಯಿಲ್ಲ. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ. ಸಕ್ಕರೆ ಕಾಯಿಲೆಯೂ ಇದ್ದು ಸಕ್ಕರೆ ಏರಿದ್ದರೆ ನೀರಡಿಕೆ ಇನ್ನೂ ಹೆಚ್ಚು. ಅದನ್ನೂ ನೋಡಿ.

ದಿನಕ್ಕೆ ಎಲ್ಲ ಸೇರಿ 5 ಗ್ರಾಂ ಉಪ್ಪು, ಅಂದರೆ ಮಟ್ಟಸವಾದ ಒಂದು ಚಹಾ ಚಮಚ, ಸಾಕು. ಜೋಳದ ರೊಟ್ಟಿಗೆ ಹೆಚ್ಚಿನ ಮನೆಗಳಲ್ಲಿ ಉಪ್ಪು ಹಾಕುವುದಿಲ್ಲ, ಇದು ನಮ್ಮ ಕಡೆಯವರಿಗೆ ದೊಡ್ಡ ಅನುಕೂಲ. ತೊಂದರೆ ಇರುವುದು ರೊಟ್ಟಿಯ ಜೊತೆಗಿನ ರಂಜಕ (ಕೆಂಪು ಮೆಣಸಿನಕಾಯಿ ಚಟ್ನಿ), ಉಪ್ಪಿನಕಾಯಿ, ಶೇಂಗಾ ಚಟ್ನಿ, ಹಪ್ಪಳ, ಸಂಡಿಗೆಗಳಲ್ಲಿ. ಸಂಜೆಯ ಮಿರ್ಚಿ ಭಜಿಯಲ್ಲಿ ಉಪ್ಪಿನ ಜೊತೆ ಅಡುಗೆ ಸೋಡಾವೂ ಇರುತ್ತದೆ, ಅದೂ ಸೋಡಿಯಮ್ಮೇ. ‘ಲೋ ಸೋಡಿಯಂ’ ಉಪ್ಪಿನ ಪೊಟ್ಟಣ ತರಬೇಡಿ ಎಂದು ಖಡಾಖಂಡಿತ ಹೇಳಿ: ಅದರಲ್ಲಿ ಸೋಡಿಯಂ ಬದಲಿಗೆ ಪೊಟ್ಯಾಸಿಯಂ ಸೇರಿಸಿರುತ್ತಾರೆ, ಡಯಾಲಿಸಿಸ್ ರೋಗಿಯ ಹೃದಯಕ್ಕೆ ಅದು ಅಪಾಯ.

ಇನ್ನು ಹೇಳುವ ರೀತಿ. ಸೂಜಿ ಚುಚ್ಚುವಾಗ ಯಾರ ಕಿವಿಯೂ ತೆರೆದಿರುವುದಿಲ್ಲ. ಕೊನೆಯ ಗಂಟೆಯಲ್ಲಿ ಬಿ.ಪಿ. ಇಳಿದು ಸುಸ್ತಾಗಿರುತ್ತಾರೆ. ಮಷೀನ್ ಶುರುವಾಗಿ ಅರ್ಧ ಗಂಟೆ ಕಳೆದ ಮೇಲೆ ಹತ್ತು ನಿಮಿಷ ಸ್ಟೂಲ್ ಎಳೆದುಕೊಂಡು ಕೂತುಕೊಳ್ಳಿ. ಒಂದು ದಿನಕ್ಕೆ ಒಂದೇ ವಿಷಯ. ಮೊದಲು ಕೇಳಿ: ‘ಕಾಕಾರ, ನಿನ್ನಿ ರಾತ್ರಿ ಏನ್ ಊಟ ಮಾಡಿದ್ರಿ? ನೀರಡಿಕಿ ಯಾವಾಗ ಭಾಳ ಆಗತೈತಿ?’ ಉತ್ತರದಲ್ಲೇ ಕಾರಣ ಸಿಗುತ್ತದೆ. ಒಬ್ಬರಿಗೆ ಉಪ್ಪಿನಕಾಯಿ, ಇನ್ನೊಬ್ಬರಿಗೆ ಹೊಲದ ಬಿಸಿಲು, ಮತ್ತೊಬ್ಬರಿಗೆ ಬಂದವರೊಡನೆಲ್ಲ ಕುಡಿಯುವ ಚಹಾ. ಎಲ್ಲರಿಗೂ ಒಂದೇ ಪಾಠ ಒಪ್ಪಿಸಿದರೆ ಯಾರಿಗೂ ತಾಗುವುದಿಲ್ಲ.

ಹೇಳಿ ಮುಗಿದ ಮೇಲೆ ‘ತಿಳೀತಾ?’ ಎನ್ನಬೇಡಿ, ಅದಕ್ಕೆ ಬರುವುದು ‘ಹೂಂ’ ಒಂದೇ. ‘ಮನಿಗೆ ಹೋಗಿ ಸೊಸಿಗೆ ಏನ್ ಹೇಳ್ತೀರಿ, ನನಗ ಹೇಳ್ರಿ ನೋಡೂಣು’ ಎನ್ನಿ. ತಪ್ಪಿದ್ದನ್ನು ತಿದ್ದಿ, ಮತ್ತೆ ಹೇಳಿಸಿ. ಅಡುಗೆ ಮಾಡುವವರು ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತಿರುತ್ತಾರೆ. ಅವರನ್ನು ಒಳಗೆ ಕರೆಯದಿದ್ದರೆ ಅರ್ಧ ಕೆಲಸ ಉಳಿದಂತೆಯೇ.

ನೀರಿನ ಲೆಕ್ಕವನ್ನು ಲೀಟರಿನಲ್ಲಿ ಹೇಳುವುದಕ್ಕಿಂತ ಅವರ ಮನೆಯ ತಂಬಿಗೆಯಲ್ಲಿ ಹೇಳಿ. ದಿನದ ಮೂತ್ರದ ಅಳತೆಗೆ 500 ಮಿ.ಲೀ. ಸೇರಿಸಿದರೆ ಸಾಮಾನ್ಯವಾಗಿ ಅವರ ಪಾಲು. ಅಷ್ಟನ್ನು ಬೆಳಿಗ್ಗೆ ಒಂದು ಬಾಟಲಿಗೆ ತುಂಬಿಡಲಿ. ಚಹಾ, ಮಜ್ಜಿಗೆ, ಸಾರು ಕುಡಿದಾಗೆಲ್ಲ ಅಷ್ಟೇ ನೀರನ್ನು ಬಾಟಲಿಯಿಂದ ಚೆಲ್ಲಲಿ. ಓದುಬರಹ ಬಾರದವರಿಗೂ ಈ ಲೆಕ್ಕ ತಪ್ಪುವುದಿಲ್ಲ.

ತೂಕದ ಅರ್ಥವನ್ನೂ ತೋರಿಸಿ. ಡ್ರೈ ವೇಟ್ (ಹೆಚ್ಚುವರಿ ನೀರೆಲ್ಲ ತೆಗೆದ ಮೇಲಿನ ತೂಕ) 50 ಕೆ.ಜಿ. ಇರುವವರಿಂದ ಗಂಟೆಗೆ, ಕೆ.ಜಿ.ಗೆ 13 ಮಿ.ಲೀ. ಮೀರದಂತೆ ನಾಲ್ಕು ತಾಸಿನಲ್ಲಿ ತೆಗೆಯಬಹುದಾದ ನೀರು ಸುಮಾರು 2.6 ಲೀಟರ್. ನಾಲ್ಕು ಕೆ.ಜಿ. ಏರಿ ಬಂದರೆ ಅಷ್ಟೇ ಹೊತ್ತಿನಲ್ಲಿ ಎಲ್ಲವನ್ನೂ ಎಳೆಯಲು ಹೋದಾಗ ಕಾಲು ಸೆಟೆಯುತ್ತದೆ, ವಾಂತಿಯಾಗುತ್ತದೆ, ಬಿ.ಪಿ. ಕುಸಿಯುತ್ತದೆ. ಇದನ್ನು ಮಷೀನಿನ ತಪ್ಪು ಎಂದುಕೊಳ್ಳುವವರೇ ಹೆಚ್ಚು. ಬೈಯಬೇಡಿ, ಬೈಸಿಕೊಂಡವರು ಮುಂದಿನ ಸಲ ತಿಂದದ್ದನ್ನು ಮುಚ್ಚಿಡುತ್ತಾರೆ. ಇವತ್ತು ಯಾವ ವಿಷಯ ಆಯಿತು ಎಂದು ಫೈಲಿನಲ್ಲಿ ಒಂದು ಸಾಲು ಬರೆದಿಟ್ಟರೆ ಮುಂದಿನ ಪಾಳಿಯ ಸಿಸ್ಟರ್ ಅಲ್ಲಿಂದಲೇ ಎತ್ತಿಕೊಳ್ಳಬಹುದು.

ಪ್ರಶ್ನೆ: ನಮ್ಮ ತಂದೆಯವರಿಗೆ ವಾರಕ್ಕೆ ಮೂರು ಡಯಾಲಿಸಿಸ್. ಶಿಗ್ಗಾಂವಿಯಿಂದ ಹುಬ್ಬಳ್ಳಿಗೆ ಹೋಗಬೇಕು. ಬಸ್ ತಪ್ಪುತ್ತದೆಂದು ಒಂದು ತಾಸು ಮೊದಲೇ ಬಿಡಿಸಿಕೊಂಡು ಬರುತ್ತಾರೆ. ಕೆಲವು ಸಲ ‘ಈಗ ಆರಾಮ ಐತಿ’ ಎಂದು ಹೋಗುವುದೇ ಇಲ್ಲ. ನಡೆಯುತ್ತದೆಯೇ?

ಉತ್ತರ: ನಡೆಯುವುದಿಲ್ಲ. ಪ್ರತಿ ಸಲ ಒಂದು ತಾಸು ಬಿಟ್ಟರೆ ವರ್ಷಕ್ಕೆ 156 ತಾಸು, ಅಂದರೆ ನಾಲ್ಕು ತಾಸಿನ 39 ಡಯಾಲಿಸಿಸ್ ತಪ್ಪಿಸಿದಂತೆ. ಡಯಾಲಿಸಿಸ್ ತಪ್ಪಿದಾಗ ರಕ್ತದಲ್ಲಿ ಪೊಟ್ಯಾಸಿಯಂ ಏರುವುದು ಬಹಳ ಸಲ ಗೊತ್ತೇ ಆಗುವುದಿಲ್ಲ, ಆರಾಮ ಇದ್ದವರಿಗೇ ಹೃದಯದ ಬಡಿತ ತಪ್ಪಬಹುದು. ವಾರದಲ್ಲಿ ಒಮ್ಮೆ ಬರುವ ಎರಡು ದಿನಗಳ ಬಿಡುವೇ ಹೆಚ್ಚು ಅಪಾಯದ್ದು, ಅದರ ನಂತರದ ದಿನವನ್ನಂತೂ ಎಂದಿಗೂ ತಪ್ಪಿಸಬಾರದು.

ನಿಮ್ಮ ತಂದೆಯವರ ಅಡ್ಡಿ ಬಸ್ ಆಗಿದ್ದರೆ ಅದನ್ನೇ ಸಿಸ್ಟರ್‌ಗೆ ಹೇಳಿ, ಬೆಳಗಿನ ಪಾಳಿ ಕೇಳಿ. ಹಣವಾಗಿದ್ದರೆ, 2016ರಲ್ಲಿ ಶುರುವಾದ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಲ್ಲಿ ಬಿ.ಪಿ.ಎಲ್. ಕುಟುಂಬದವರಿಗೆ ಜಿಲ್ಲಾ ಆಸ್ಪತ್ರೆಗಳಲ್ಲಿ ಉಚಿತ. ಹಾವೇರಿಯಲ್ಲಿ ಜಾಗ ಇದೆಯೇ ವಿಚಾರಿಸಿ.

ಒಂದು ಸಲ ತಪ್ಪಿಹೋದರೆ ಅದೇ ದಿನ ಘಟಕಕ್ಕೆ ಫೋನ್ ಮಾಡಿ ಮರುದಿನದ ಜಾಗ ಕೇಳಿ. ಅಲ್ಲಿಯವರೆಗೆ ಪೊಟ್ಯಾಸಿಯಂ ಹೆಚ್ಚಿರುವ ಬಾಳೆಹಣ್ಣು, ಎಳನೀರು, ಹಣ್ಣಿನ ರಸ, ಟೊಮೆಟೊ, ಬಟಾಟೆ ಬೇಡ. ಶ್ರಾವಣದ ಉಪವಾಸದ ತಾಟಿನಲ್ಲಿ ಇರುವುದು ಬಹುಪಾಲು ಇವೇ. ಕೈಕಾಲು ಸೋತಂತಾದರೆ, ಮಲಗಿದಾಗ ಉಸಿರು ಕಟ್ಟಿದರೆ, ನಾಡಿ ನಿಧಾನವಾದರೆ ಕಾಯಬೇಡಿ, ಇ.ಸಿ.ಜಿ. ಇರುವ ಆಸ್ಪತ್ರೆಗೆ ಕರೆದೊಯ್ಯಿರಿ.

ಪ್ರಶ್ನೆ: ಮೈ ತುರಿಕೆಗೆ ಕಾರಣ ರಂಜಕ ಹೆಚ್ಚಿರುವುದು ಎಂದಿದ್ದಾರೆ (ಫಾಸ್ಫರಸ್, ನಾವು ತಿನ್ನುವ ರಂಜಕವಲ್ಲ!). ಮಾತ್ರೆ ತಪ್ಪದೆ ನುಂಗುತ್ತಿದ್ದೇನೆ, ಆದರೂ ಇಳಿದಿಲ್ಲ. ಮಲಬದ್ಧತೆಯೂ ಆಗಿದೆ. ಏಕೆ? (ಧಾರವಾಡದ ಓದುಗರು)

ಉತ್ತರ: ಯಾವಾಗ ನುಂಗುತ್ತೀರಿ ನೋಡಿ. ಈ ಮಾತ್ರೆ ಹೊಟ್ಟೆಯಲ್ಲಿ ಊಟದೊಳಗಿನ ಫಾಸ್ಫರಸ್ ಅನ್ನು ಹಿಡಿದು ಮಲದಲ್ಲಿ ಕಳಿಸುತ್ತದೆ. ರಾತ್ರಿ ಮಲಗುವಾಗ ಉಳಿದ ಗುಳಿಗೆಗಳ ಜೊತೆ ನುಂಗಿದರೆ ಹಿಡಿಯಲು ಅಲ್ಲಿ ಏನೂ ಇರುವುದಿಲ್ಲ. ಎರಡು ತುತ್ತು ಉಂಡ ಮೇಲೆ, ಊಟದ ನಡುವೆಯೇ ತೆಗೆದುಕೊಳ್ಳಿ. ಕಬ್ಬಿಣಾಂಶದ ಮಾತ್ರೆ ಇದ್ದರೆ ಅದಕ್ಕೆ ಬೇರೆ ಹೊತ್ತು. ಪೇಢೆ, ಖವಾ, ಕೋಲಾ ಕಡಿಮೆ ಮಾಡಿ. ಕ್ಯಾಲ್ಸಿಯಂ ಇರುವ ಮಾತ್ರೆಯಿಂದ ಮಲಬದ್ಧತೆ ಸಾಮಾನ್ಯ. ಅದಕ್ಕೆಂದು ಅಂಗಡಿಯಿಂದ ಮೆಗ್ನೀಷಿಯಂ ಇರುವ ಔಷಧ ತಂದು ಕುಡಿಯಬೇಡಿ, ವೈದ್ಯರನ್ನೇ ಕೇಳಿ.

ಪ್ರಶ್ನೆ: ಡಯಾಲಿಸಿಸ್ ಸೂಜಿ ಹಾಕಲೆಂದು ಕೈಯಲ್ಲಿ ಫಿಸ್ಟುಲಾ (ಅಪಧಮನಿಯನ್ನು ಅಭಿಧಮನಿಗೆ ಜೋಡಿಸುವುದು) ಮಾಡಿಸಿ ಒಂದು ತಿಂಗಳಾಯಿತು. ಏನು ಎಚ್ಚರ ಬೇಕು? (ರಾಣೆಬೆನ್ನೂರಿನ ಓದುಗರು)

ಉತ್ತರ: ಬೆಳಿಗ್ಗೆ, ರಾತ್ರಿ ಬೆರಳಿಟ್ಟು ನೋಡಿ, ‘ಜುಂ’ ಎನ್ನುವ ಕಂಪನ ಇರಬೇಕು. ನಿಂತರೆ ಅದೇ ದಿನ ಆಸ್ಪತ್ರೆಗೆ ಹೋಗಿ. ತಡವಾದಷ್ಟೂ ಗಡ್ಡೆಗಟ್ಟಿದ ನಾಳ ತೆರೆಯುವುದು ಕಷ್ಟ. ಆ ಕೈಗೆ ಬಿ.ಪಿ. ಪಟ್ಟಿ, ಸಲೈನ್, ರಕ್ತ ತೆಗೆಯುವುದು, ಬಿಗಿ ಬಳೆ, ವಾಚು ಯಾವುದೂ ಬೇಡ. ಆ ಕೈ ಮೇಲೆ ತಲೆಯಿಟ್ಟು ಮಲಗಬೇಡಿ. ಸೂಜಿ ಹಾಕುವುದು ಶುರುವಾದ ಮೇಲೆ ಪ್ರತಿ ಸಲ ಕೈಯನ್ನು ಸಾಬೂನಿನಿಂದ ತೊಳೆದುಕೊಳ್ಳಿ. ಮನೆಯಲ್ಲಿ ರಕ್ತ ಚಿಮ್ಮಿದರೆ ದಪ್ಪ ಬಟ್ಟೆ ಸುತ್ತಿ ಕೂರಬೇಡಿ, ಒಳಗೆ ಹರಿಯುತ್ತಿರುವುದು ಕಾಣುವುದಿಲ್ಲ. ಸ್ವಚ್ಛ ಬಟ್ಟೆಯ ಚಿಕ್ಕ ಮಡಿಕೆಯನ್ನು ತೂತಿನ ಮೇಲಿಟ್ಟು ಬೆರಳಿನಿಂದ ಗಟ್ಟಿಯಾಗಿ ಒತ್ತಿಹಿಡಿದು, ತೋಳು ಮೇಲೆತ್ತಿ, 108ಕ್ಕೆ ಫೋನ್ ಮಾಡಿಸಿ.