ಬೆಲೆ ಇಳಿಯಲಿ ಅಂತ ಕಾಯಬೇಕಾ?

ಹೊಸ ಕನ್ಸೋಲ್ (ಟಿವಿಗೆ ಜೋಡಿಸಿ ವಿಡಿಯೋ ಗೇಮ್ ಆಡುವ ಯಂತ್ರ) ಈಗಲೇ ತಗೊಳ್ಳೋದಾ, ರೇಟು ಇಳಿಯುವವರೆಗೆ ಕಾಯೋದಾ ಅಂತ ಕೇಳಿದ್ದೀರಿ. ಕಾದು ಕಾದು ಪೆಚ್ಚಾದವನು ನಾನು. ಕಾಯಬೇಡಿ. ಹಾಗಂತ ಇವತ್ತೇ ಓಡಿಹೋಗಿ ಕೊಳ್ಳಲೂಬೇಡಿ.

ಮೊದಲೆಲ್ಲ ಕಾಯೋದೇ ಜಾಣತನ. ಸೋನಿಯ ಕನ್ಸೋಲ್ ಪ್ಲೇಸ್ಟೇಷನ್ 2 ಅಮೆರಿಕದಲ್ಲಿ 2000ದಲ್ಲಿ 299 ಡಾಲರಿಗೆ ಬಂತು, 2009ಕ್ಕೆ 99ಕ್ಕೆ ಇಳಿದಿತ್ತು. ಪ್ಲೇಸ್ಟೇಷನ್ 5 ನೋಡಿ: ಡಿಸ್ಕ್ ಹಾಕುವ ಮಾದರಿ 2020ರಲ್ಲಿ 500 ಡಾಲರ್, ಅಲ್ಲೇ 2025ರ ಆಗಸ್ಟ್‌ನಲ್ಲಿ 550. ಐದು ವರ್ಷ ಹಳೇ ಯಂತ್ರ ತುಟ್ಟಿಯಾಗಿದೆ! ಚಿಪ್ ಚಿಕ್ಕದಾದಷ್ಟೂ ಅಗ್ಗವಾಗುತ್ತಿದ್ದ ಕಾಲ ಮುಗಿದಂತಿದೆ. ಸಾಲದ್ದಕ್ಕೆ ಆಮದು ಸುಂಕ, ಮೇಲೆ ಮೆಮೊರಿ ಚಿಪ್‌ಗಳನ್ನೆಲ್ಲ ಬಾಚಿಕೊಳ್ಳುತ್ತಿರುವ ಎಐ ಡೇಟಾ ಸೆಂಟರ್‌ಗಳು.

ಗೇಮ್ ಬೆಲೆ 60ರಿಂದ 70 ಡಾಲರ್ ಆಯ್ತು ಅಂತ ಎಲ್ಲರೂ ಗೊಣಗುತ್ತಾರೆ. ಅದರಲ್ಲಿ ನಾನಿಲ್ಲ. ತೊಂಬತ್ತರ ದಶಕದಲ್ಲೂ ಕೆಲವು ಕಾರ್ಟ್ರಿಡ್ಜ್‌ಗಳಿಗೆ (ಡಿಸ್ಕ್‌ಗಿಂತ ಮೊದಲು ಆಟ ಬರುತ್ತಿದ್ದ ಪ್ಲಾಸ್ಟಿಕ್ ಡಬ್ಬಿ) ಅಷ್ಟೇ ಇತ್ತು, ಆಗಿನ ದುಡ್ಡಿನ ಬೆಲೆಯಲ್ಲಿ!

ನನಗೆ ಹೊಟ್ಟೆ ಉರಿಯೋದು ಬೇರೆ ಕಡೆ. ಆಗ ಆಟ ಮುಗಿಸಿ, ಡಿಸ್ಕ್ ಒರೆಸಿ, ಗೆಳೆಯನಿಗೆ ಅರ್ಧ ಬೆಲೆಗೆ ದಾಟಿಸುತ್ತಿದ್ದೆ. ಆ ದುಡ್ಡಿಗೆ ಇನ್ನಷ್ಟು ಸೇರಿಸಿದರೆ ಮುಂದಿನ ಆಟ. ಡೌನ್‌ಲೋಡ್ ಮಾಡಿದ್ದನ್ನು ಮಾರುವ ಹಾಗಿಲ್ಲ, ಕೊಡುವ ಹಾಗೂ ಇಲ್ಲ. ಹೋದದ್ದು ಹೋದಂತೆಯೇ. ಹಾಗಾಗಿ ಕೊಳ್ಳಲೇಬೇಕಿದ್ದರೆ ಡಿಸ್ಕ್ ಡ್ರೈವ್ ಇರೋದನ್ನೇ ಕೊಳ್ಳಿ, ಮೊದಲು ಸ್ವಲ್ಪ ಜಾಸ್ತಿ ಬಿದ್ದರೂ ಪರವಾಗಿಲ್ಲ.

ಇನ್ನು ಕಣ್ಣಿಗೆ ಕಾಣದ ಖರ್ಚು. ನನ್ನ ಕಂಟ್ರೋಲರ್‌ನ ಎಡಗಡೆ ಸ್ಟಿಕ್ ಒಂದು ದಿನ ತಾನೇ ತಾನಾಗಿ ವಾಲತೊಡಗಿತು. ನಾನು ಕೈಬಿಟ್ಟು ಕೂತಿದ್ದರೂ ನನ್ನ ವೀರಯೋಧ ಮೆಲ್ಲಗೆ ನಡೆದುಹೋಗಿ ಗೋಡೆಗೆ ಮುಖವಿಟ್ಟು ನಿಂತ. ವಾರಂಟಿ ಮುಗಿದಿತ್ತು. ಹೊಸದಕ್ಕೆ ಕೊಟ್ಟ ದುಡ್ಡಲ್ಲಿ ಒಂದು ಆಟವೇ ಬರುತ್ತಿತ್ತು. ಗೇಮ್ ಆಡಲು ತಿಂಗಳಿಗಿಷ್ಟು ಅಂತ ಕಟ್ಟುವ ಚಂದಾ ಕಥೆಯೂ ಇಂಥದ್ದೇ: ಒಂದು ತಿಂಗಳಿಗೆ ಅಂತ ಹಾಕಿಸಿದ್ದು, ಆಟೋ ರಿನ್ಯೂವಲ್ ಆಫ್ ಮಾಡಲು ಮರೆತು ಏಳು ತಿಂಗಳು ಕಟ್ಟಿದ್ದೇನೆ. ನೀವು ಹಾಕಿಸಿದ ದಿನವೇ ಆಫ್ ಮಾಡಿ, ತಿಂಗಳು ಮುಗಿಯುವವರೆಗೆ ಹೇಗೂ ಆಡಬಹುದು.

ಈಗಿರುವ ಯಂತ್ರ ಓಡುತ್ತಿದೆಯಾ? ಹಾಗಾದರೆ ಮೂರ್ನಾಲ್ಕು ವರ್ಷ ಹಳೆಯ ಆಟಗಳನ್ನೇ ಆಡಿ. ಕನ್ಸೋಲ್ ಬೆಲೆ ಇಳಿಯದಿದ್ದರೂ ಹಳೆ ಆಟಗಳದ್ದು ಈಗಲೂ ಇಳಿಯುತ್ತದೆ, ಬಗ್ಗುಗಳೂ ಅಷ್ಟೊತ್ತಿಗೆ ಸರಿಹೋಗಿರುತ್ತವೆ. ಆದರೆ ಸೇಲ್ ಬಂತು ಅಂತ ಬುಟ್ಟಿ ತುಂಬಿಸಬೇಡಿ. ಹಾಗೆ ಕೊಂಡು ಒಮ್ಮೆಯೂ ತೆರೆಯದ 41 ಆಟ ನನ್ನ ಲೈಬ್ರರಿಯಲ್ಲಿವೆ, ನಿಮ್ಮ ಪ್ರಶ್ನೆ ಓದಿ ಈಗಷ್ಟೇ ಎಣಿಸಿದೆ.